ಕಣ್ಣು ಕೆಂಪಾಗಿದ್ರೆ ಎದೆ ಎಕ್ಸ್‌ರೇ ಯಾಕೆ? ಚೀಟಿ ಕೈಲಿ ಹಿಡ್ಕೊಂಡೋರಿಗೆ ಒಂದು ಗೈಡ್

ನಮ್ಮ ಎಕ್ಸ್‌ರೇ ಸೆಂಟರ್‌ನಲ್ಲಿ ಅತಿ ಹೆಚ್ಚು ಜಗಳ ಆಡೋರು ಯಾರು ಅಂತ ಕೇಳಿದ್ರೆ, ಕಣ್ಣಿನ ಡಾಕ್ಟ್ರ ಚೀಟಿ ಹಿಡ್ಕೊಂಡು ಎದೆ ಫೋಟೋ ತೆಗೆಸೋಕೆ ಬಂದೋರು ಅಂತ ತಟ್ಟನೆ ಹೇಳ್ತೀನಿ. ಪಾಪ ಅವರ ತಪ್ಪೂ ಇಲ್ಲ. ಹೋದ ಮಳೆಗಾಲದಲ್ಲಿ ಬಾದಾಮಿ ಕಡೆಯೋರೊಬ್ರು ಬಂದಿದ್ರು, ಮುಂಬೈನ ಸಯನ್‌ನಲ್ಲಿ ಹೋಟೆಲ್ ಅಡುಗೆಮನೆ ಕೆಲಸ, ಒಂದು ಕಣ್ಣು ಕೆಂಡದ ಥರ, ಕಪ್ಪು ಕನ್ನಡಕ ಹಾಕ್ಕೊಂಡು ಕೌಂಟರ್‌ನಲ್ಲಿ ಹಿಂದಿಯಲ್ಲಿ ತಡವರಿಸ್ತಾ ಇದ್ರು. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, "ಅಲ್ರೀ ಅಣ್ಣಾರ, ನೋಯಾಕತ್ತಿದ್ದು ಕಣ್ಣು, ನೀವು ನೋಡಿದ್ರ ಅಂಗಿ ಬಿಚ್ಚು ಅಂತೀರಿ, ಚೀಟಿ ಅದಲುಬದಲು ಆಗೇತೇನ್ ನೋಡ್ರಿ ಒಂದ್ಸಲ" ಅಂದ್ರು. ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೀತಿದೀನಿ. ಮುಂಬೈ, ಪುಣೆ, ಗೋವಾದಲ್ಲಿ ಇರೋ ನಮ್ಮ ಜನಕ್ಕೆ ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಇದನ್ನ ಹೇಳೋರು ಕಮ್ಮಿ, ಮರಾಠಿ ಹಿಂದಿ ಅರ್ಧಂಬರ್ಧ ಅರ್ಥ ಆಗಿ ಅರ್ಧ ಟೆಸ್ಟ್ ಮಾಡ್ಸಿ ಊರಿಗೆ ಹೋಗ್ಬಿಡೋರನ್ನ ಬಹಳ ನೋಡಿದೀನಿ.

ಮೊದ್ಲೇ ಹೇಳಿಬಿಡ್ತೀನಿ, ನಾನು ಎಕ್ಸ್‌ರೇ ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಹುಟ್ಟೂರು ವಿಜಯಪುರ, ಮುಂಬೈನಲ್ಲಿ ಹದಿನೇಳು ವರ್ಷದಿಂದ ಜನರ ಎದೆ ಫೋಟೋ ತೆಗೀತಾ ಇದೀನಿ. ಏನು ಕಾಯಿಲೆ, ಯಾವ ಮಾತ್ರೆ ಅನ್ನೋದು ಡಾಕ್ಟ್ರ ಕೆಲಸ. ಆದ್ರೆ ಫೋಟೋ ಯಾಕೆ ಹಾಳಾಗುತ್ತೆ, ರಿಪೋರ್ಟ್ ಯಾಕೆ ಉಪಯೋಗಕ್ಕೆ ಬಾರದ ಹಾಗೆ ಬರುತ್ತೆ ಅನ್ನೋದು ನನ್ನ ಕಡೆಯಿಂದ ಚೆನ್ನಾಗಿ ಕಾಣುತ್ತೆ.

ಕಣ್ಣಿಗೂ ಎದೆಗೂ ಏನ್ ಸಂಬಂಧ

ಕಣ್ಣು ಕೆಂಪಾದ್ರೆ ಎಲ್ಲಾ ಮದ್ರಾಸ್ ಐ ಅಲ್ಲ. ಅದರಲ್ಲಿ ಪಿಸುರು ಬರುತ್ತೆ, ಬೆಳಿಗ್ಗೆ ರೆಪ್ಪೆ ಅಂಟ್ಕೊಂಡಿರುತ್ತೆ, ಕೆಲವು ದಿನಕ್ಕೆ ಹೋಗುತ್ತೆ. ಯುವಿಯೈಟಿಸ್ ಅನ್ನೋದು ಕಣ್ಣಿನ ಒಳಗಿನ ಉರಿಯೂತ, ಇದರಲ್ಲಿ ಪಿಸುರು ಇರಲ್ಲ, ಬೆಳಕು ಕಂಡ್ರೆ ಚುಚ್ಚುತ್ತೆ, ಮಂಜು ಮಂಜು, ಕಣ್ಣ ಮುಂದೆ ನೊಣ ಹಾರಿದ ಹಾಗೆ ಚುಕ್ಕೆ ಓಡಾಡುತ್ತೆ, ಕಣ್ಣಿನ ಹಿಂಭಾಗದಲ್ಲಿ ಆಗಿದ್ರಂತೂ ಕೆಂಪೂ ಇಲ್ಲ ನೋವೂ ಇಲ್ಲ, ದೃಷ್ಟಿ ಮಾತ್ರ ಸದ್ದಿಲ್ದೆ ಇಳೀತಾ ಹೋಗುತ್ತೆ. ಯುವಿಯಾ ಅನ್ನೋ ಹೆಸರು ಬಂದಿದ್ದು ಲ್ಯಾಟಿನ್‌ನ ಊವಾದಿಂದ, ಅಂದ್ರೆ ದ್ರಾಕ್ಷಿ. ಕಣ್ಣಿನ ಹೊರಗಿನ ಬಿಳಿ ಪದರ ತೆಗೆದು ನೋಡಿದ್ರೆ ಒಳಗಿನದು ಕಪ್ಪು ದ್ರಾಕ್ಷಿ ಹಣ್ಣಿನ ಥರ ಕಾಣುತ್ತಂತೆ, ನಮ್ಮ ವಿಜಯಪುರದೋರಿಗೆ ಇದನ್ನ ನೆನಪಿಟ್ಕೊಳ್ಳೋದು ಕಷ್ಟ ಅಲ್ಲ.

ಈ ದ್ರಾಕ್ಷಿ ಪದರಕ್ಕೆ ರಕ್ತ ತುಂಬಾ ಹರಿಯುತ್ತೆ. ಮೈಯಲ್ಲಿ ಎಲ್ಲೋ ನಡೀತಿರೋ ಗಲಾಟೆ ಮೊದ್ಲು ಇಲ್ಲಿ ಬಂದು ಕಾಣಿಸ್ಕೊಳ್ಳಬಹುದು. ಕಾರಣಗಳ ಪಟ್ಟಿ ಉದ್ದ ಇದೆ, ಹರ್ಪಿಸ್, ಟಾಕ್ಸೊಪ್ಲಾಸ್ಮಾ, ಸಿಫಿಲಿಸ್, ಬೆನ್ನುಮೂಳೆ ಬಿಗಿಯಾಗೋ ವಾತ, ಎಷ್ಟೋ ಜನರಲ್ಲಿ ಏನೂ ಸಿಗೋದೇ ಇಲ್ಲ. ಆ ಪಟ್ಟಿಯಲ್ಲಿ ಎರಡು ಕಾಯಿಲೆಗೆ ಎದೆ ಫೋಟೋ ಬಹಳ ಉಪಯೋಗ, ಒಂದು ಟಿಬಿ, ಇನ್ನೊಂದು ಸಾರ್ಕಾಯ್ಡೋಸಿಸ್. ಸಾರ್ಕಾಯ್ಡ್ ಅನ್ನೋದು ಅಂಟುರೋಗ ಅಲ್ಲ, ದೇಹದ ರಕ್ಷಣಾ ಕಣಗಳೇ ಸಣ್ಣ ಸಣ್ಣ ಗುಂಪು ಕಟ್ಕೊಂಡು ಶ್ವಾಸಕೋಶ, ಗಂಟು (ಲಿಂಫ್ ಗ್ರಂಥಿ), ಚರ್ಮ, ಕಣ್ಣಲ್ಲಿ ಕೂತ್ಬಿಡೋದು. ನಮ್ಮ ದೇಶದಲ್ಲಿ ಇದು ಅಪರೂಪ ಅಂತ ಹಿಂದೆ ಅನ್ಕೊಂಡಿದ್ರು, ಆದ್ರೆ ಎಷ್ಟೋ ಸಾರ್ಕಾಯ್ಡ್ ಕೇಸ್‌ಗಳು ಟಿಬಿ ಅಂತ್ಲೇ ಔಷಧ ತಿಂದು ಹೋಗಿವೆ. ಈ ಎರಡೂ ಕಾಯಿಲೆ ಕಣ್ಣಲ್ಲಿ ಹೆಚ್ಚುಕಮ್ಮಿ ಒಂದೇ ಥರ ಕಾಣೋದ್ರಿಂದ ಕಣ್ಣೊಂದನ್ನೇ ನೋಡಿ ಬೇರೆ ಮಾಡೋದು ಒಳ್ಳೇ ಡಾಕ್ಟ್ರಿಗೂ ಕಷ್ಟ.

ಇನ್ನೊಂದು ಕಾರಣ ಇದೆ, ಇದನ್ನ ಯಾರೂ ಹೇಳಲ್ಲ. ಕಣ್ಣಿಂದ ಚೂರು ಕತ್ತರಿಸಿ ಲ್ಯಾಬ್‌ಗೆ ಕಳ್ಸೋಕಾಗುತ್ತಾ? ಕಣ್ಣಿಗೇ ಅಪಾಯ ಆಗಬಹುದು. ಎದೆಯೊಳಗಿನ ಗಂಟಿಂದ ಸೂಜಿ ಹಾಕಿ ಚೂರು ತೆಗೀಬಹುದು. ಎದೆಯಲ್ಲಿ ಏನಾದ್ರೂ ಸಿಕ್ರೆ ಕಣ್ಣಿನ ಕಾಯಿಲೆಗೆ ಸಾಕ್ಷಿ ಅಲ್ಲಿಂದ ತರಬಹುದು ಅನ್ನೋದೇ ಲೆಕ್ಕ.

ಹೆಜ್ಜೆ 1: ಎಲ್ಲರಿಗೂ ಬೇಕಾ ಅಂತ ಕೇಳಿ

ಬೇಡ. ಮೊದ್ಲನೇ ಸಲ, ಒಂದೇ ಕಣ್ಣು, ಮುಂಭಾಗದಲ್ಲಿ ಮಾತ್ರ, ಡ್ರಾಪ್ಸ್‌ಗೆ ಬೇಗ ಕಮ್ಮಿ ಆಯ್ತು ಅಂದ್ರೆ ಎಷ್ಟೋ ಡಾಕ್ಟ್ರು ಎದೆ ಫೋಟೋ ತನಕ ಹೋಗಲ್ಲ. ಬೆಳಿಗ್ಗೆ ಎದ್ದಾಗ ಸೊಂಟ ಬಿಗಿದು ಓಡಾಡಿದ ಮೇಲೆ ಸಡಿಲ ಆಗೋ ಹುಡುಗರಿಗೆ ಬೇಕಾಗೋದು ಸೊಂಟದ ಕೀಲಿನ ಎಕ್ಸ್‌ರೇ, ಆ ಬೆನ್ನುಮೂಳೆ ವಾತಕ್ಕೆ ನೋಡೋ ಎಚ್‌ಎಲ್‌ಎ ಬಿ27 ರಕ್ತ ಪರೀಕ್ಷೆ. ಎದೆ ಬೇಕಾಗೋದು ಮತ್ತೆ ಮತ್ತೆ ಬಂದಾಗ, ಎರಡೂ ಕಣ್ಣಿಗೆ ಬಂದಾಗ, ಕಣ್ಣಿನ ಹಿಂಭಾಗಕ್ಕೆ ಹೋದಾಗ, ಅಥವಾ ಡಾಕ್ಟ್ರು ಮೈಕ್ರೋಸ್ಕೋಪ್‌ನಲ್ಲಿ ನೋಡಿ ಗ್ರಾನ್ಯುಲೊಮ್ಯಾಟಸ್ (ರಕ್ಷಣಾ ಕಣಗಳು ಗುಂಪು ಕಟ್ಟೋ ಥರದ್ದು) ಅಂದಾಗ. ಕಾರ್ನಿಯಾ (ಕಣ್ಣಿನ ಮುಂದಿನ ಗಾಜಿನಂಥ ಪದರ) ಹಿಂದೆ ದಪ್ಪ ದಪ್ಪ ಜಿಡ್ಡಿನ ಚುಕ್ಕೆ ಅಂಟಿರೋದಕ್ಕೆ ಅವರು ಮಟನ್ ಫ್ಯಾಟ್ ಅಂತಾರೆ, ಸಸ್ಯಾಹಾರಿಗಳು ಬೇಜಾರಾಗ್ಬೇಡಿ, ಪುಸ್ತಕದಲ್ಲೇ ಹಾಗಿದೆ. ಐರಿಸ್ (ಕಣ್ಣಿನ ಬಣ್ಣದ ಪದರ) ಮೇಲೆ ಸಣ್ಣ ಗಂಟು, ಒಳಗಿನ ದ್ರವದಲ್ಲಿ ಮುತ್ತಿನ ಸರದ ಥರ ಉಂಡೆ, ಕಣ್ಣಿನ ಹಿಂದಿನ ಪರದೆ ರೆಟಿನಾದ ರಕ್ತನಾಳ ಊದಿರೋದು, ಇವೆಲ್ಲ ಇದ್ರೆ ಎದೆ ನೋಡ್ಲೇಬೇಕು ಅನ್ನೋ ಕಡೆಗೆ ಡಾಕ್ಟ್ರು ವಾಲ್ತಾರೆ.

ಡಾಕ್ಟ್ರ ಹತ್ರ ಕೇಳ್ಬೇಕಾದ ಪ್ರಶ್ನೆ ಒಂದೇ: "ನನ್ನ ಕಣ್ಣಲ್ಲಿ ಏನು ಕಂಡಿದ್ದಕ್ಕೆ ಎದೆ ನೋಡ್ಬೇಕು ಅಂತಿದೀರಿ?" ಇದರ ಉತ್ತರ ಮೂರನೇ ಹೆಜ್ಜೆಯಲ್ಲಿ ಬೇಕಾಗುತ್ತೆ.

ನೀವೂ ಕೆಲವು ಹೇಳ್ಬೇಕು. ಮನೇಲಿ ಅಥವಾ ರೂಮಲ್ಲಿ ಯಾರಿಗಾದ್ರೂ ಟಿಬಿ ಇತ್ತಾ (ಒಂದು ಖೋಲಿಯಲ್ಲಿ ಎಂಟು ಹತ್ತು ಜನ ಮಲಗೋ ಹೋಟೆಲ್ ಹುಡುಗರು ಇದನ್ನ ಮುಚ್ಚಿಡ್ಬೇಡಿ), ಕೆಮ್ಮು, ಸಂಜೆ ಜ್ವರ, ತೂಕ ಇಳಿದಿದ್ದು, ಕಾಲಿನ ಮುಂಭಾಗದಲ್ಲಿ ಕೆಂಪು ನೋವಿನ ಗಂಟು, ಕೆನ್ನೆ ಊತ, ಮುಖ ಒಂದು ಕಡೆ ವಾಲಿದ್ದು. ಕೆಲಸ ಏನು ಅನ್ನೋದೂ ಹೇಳಿ. ಗೋವಾದ ಬೈನಾ, ಜುವಾರಿನಗರ ಕಡೆ ಇರೋ ನಮ್ಮೋರಲ್ಲಿ ಕಲ್ಲು, ಟೈಲ್ಸ್ ಕಟಿಂಗ್ ಮಾಡೋರು ಇದ್ದಾರೆ. ಕಲ್ಲಿನ ಧೂಳು ವರ್ಷಗಟ್ಲೆ ಕುಡಿದ ಶ್ವಾಸಕೋಶದಲ್ಲಿ ಸಣ್ಣ ಗಂಟುಗಳೂ ಊದಿದ ಗ್ರಂಥಿಗಳೂ ಕಾಣ್ತವೆ, ಅದನ್ನ ಹೇಳದೇ ಇದ್ರೆ ನೋಡೋರು ಸಾರ್ಕಾಯ್ಡ್ ಅಂತಲೋ ಟಿಬಿ ಅಂತಲೋ ಓದಿಬಿಡಬಹುದು. ಮುಂಬೈನೋರು ಕಿಟಕಿಯಲ್ಲಿ ಪಾರಿವಾಳ ಗೂಡು ಕಟ್ಟಿದ್ರೆ ಅದೂ ಹೇಳಿ, ಪಾರಿವಾಳದ ಹಿಕ್ಕೆ ಧೂಳಿಂದ ಬರೋ ಶ್ವಾಸಕೋಶದ ಉರಿಯೂತ ಸಿಟಿ ಸ್ಕ್ಯಾನ್‌ನಲ್ಲಿ ಬೇರೆಯದೇ ಗೊಂದಲ ಮಾಡುತ್ತೆ.

ಹೆಜ್ಜೆ 2: ಸ್ಟಿರಾಯ್ಡ್ ಮಾತ್ರೆಗಿಂತ ಮೊದ್ಲು ಫೋಟೋ

ಇದನ್ನ ಸ್ವಲ್ಪ ನಿಧಾನವಾಗಿ ಓದಿ. ಕಣ್ಣಿಗೆ ಹಾಕೋ ಸ್ಟಿರಾಯ್ಡ್ ಡ್ರಾಪ್ಸ್ ಬಗ್ಗೆ ಅಲ್ಲ ನಾನು ಹೇಳ್ತಿರೋದು, ಅದನ್ನ ಹಾಕ್ತಾ ಇರಿ. ನುಂಗೋ ಮಾತ್ರೆ ಇದೆಯಲ್ಲ, ಪ್ರೆಡ್ನಿಸೊಲೋನ್, ಅದು ಶುರುವಾದ್ರೆ ಸಾರ್ಕಾಯ್ಡ್ ಗಂಟುಗಳು ಕರಗೋಕೆ ಶುರುವಾಗ್ತವೆ, ಆಮೇಲೆ ಫೋಟೋ ತೆಗೆದ್ರೆ ಏನೂ ಕಾಣದೇ ಇರಬಹುದು, ಸೂಜಿ ಹಾಕಿದ್ರೂ ಏನೂ ಸಿಗದೇ ಇರಬಹುದು. ಒಳಗೆ ಟಿಬಿ ಇದ್ರೆ ಇನ್ನೂ ಕೆಟ್ಟದು, ಟಿಬಿ ಔಷಧ ಇಲ್ದೆ ಬರೀ ಸ್ಟಿರಾಯ್ಡ್ ಕೊಟ್ರೆ ಮಲಗಿದ್ದ ಹಾವಿಗೆ ಹಾಲೆರೆದ ಹಾಗೆ.

ನಮ್ಮ ಭಾವನೋರಿಗೆ ಹೀಗೇ ಆಯ್ತು. ಡೊಂಬಿವಲಿಯಲ್ಲಿ ಇರೋದು, ಕಣ್ಣು ಮಂಜಾಯ್ತು ಅಂತ ಹತ್ತಿರದ ಒಂದು ಕ್ಲಿನಿಕ್‌ಗೆ ಹೋದ್ರು, ಅಲ್ಲಿ ಮಾತ್ರೆ ಕೊಟ್ರು, ನಾಕೇ ದಿನದಲ್ಲಿ ಕಣ್ಣು ಫಳಫಳ, ಡಾಕ್ಟ್ರು ದೇವ್ರು ಅಂತ ನಮಗೆಲ್ಲ ಫೋನ್ ಮಾಡಿ ಹೇಳಿದ್ರು. ಮಾತ್ರೆ ಮುಗಿದ ತಿಂಗಳಿಗೆ ವಾಪಸ್ ಬಂತು, ಮತ್ತೆ ಮಾತ್ರೆ, ಮತ್ತೆ ಫಳಫಳ, ಹೀಗೆ ಮೂರು ಸಲ. ನನಗೆ ಹೇಳಿದ್ದು ನಾಲ್ಕನೇ ಸಲಕ್ಕೆ, ಮನೇಲೇ ಎಕ್ಸ್‌ರೇದವನು ಇದ್ರೂ! ಆಮೇಲೆ ಫೋಟೋ ತೆಗೆದ್ರೆ ಕ್ಲಿಯರ್. ನಿಜವಾಗ್ಲೂ ಕ್ಲಿಯರ್ರಾ, ಅಥವಾ ಮಾತ್ರೆ ಒರೆಸಿಹಾಕಿದ್ದಾ ಅನ್ನೋದು ದೊಡ್ಡಾಸ್ಪತ್ರೆಯಲ್ಲೂ ಯಾರಿಗೂ ಹೇಳೋಕಾಗ್ಲಿಲ್ಲ, ಮಾತ್ರೆ ನಿಧಾನಕ್ಕೆ ಇಳಿಸಿ ತಿಂಗಳುಗಟ್ಲೆ ಕಾಯ್ಬೇಕಾಯ್ತು.

ಆಗ್ಲೇ ಮಾತ್ರೆ ಶುರುವಾಗಿದೆಯಾ? ಈ ಲೇಖನ ಓದಿ ನೀವೇ ನಿಲ್ಲಿಸ್ಬೇಡಿ, ತಟ್ಟನೆ ನಿಲ್ಲಿಸೋದು ಅಪಾಯ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ತಾರೀಕಿಂದ ಅಂತ ಬರೆದಿಟ್ಕೊಂಡು ಫೋಟೋ ತೆಗೆಸುವಾಗ್ಲೂ ರಕ್ತ ಕೊಡುವಾಗ್ಲೂ ಹೇಳಿ, ಅಷ್ಟೇ.

ಹೆಜ್ಜೆ 3: ಚೀಟಿಯಲ್ಲಿ ಏನು ಬರೆದಿದೆ ಓದಿ

ನನ್ನ ಕೈಗೆ ಬರೋ ಚೀಟಿಗಳಲ್ಲಿ ಬಹಳಷ್ಟು ಮೂರೇ ಪದ, ಚೆಸ್ಟ್ ಪಿಎ ವ್ಯೂ. ಅಷ್ಟೇ. ಯಾಕೆ ಅನ್ನೋದೇ ಇಲ್ಲ. ಫೋಟೋ ಓದೋ ರೇಡಿಯಾಲಜಿಸ್ಟ್ ಮುಂದೆ ದಿನಕ್ಕೆ ರಾಶಿ ಎದೆ ಫೋಟೋ ಬರ್ತವೆ, ವೀಸಾದ್ದು, ಕೆಲಸಕ್ಕೆ ಸೇರೋರದ್ದು, ಆಪರೇಷನ್ ಮುಂಚಿನದ್ದು. ನಿಮ್ಮದೂ ಆ ರಾಶಿಗೆ ಸೇರುತ್ತೆ. ನ್ಯುಮೋನಿಯಾ ಇದೆಯಾ, ಹೃದಯ ದೊಡ್ಡದಾಗಿದೆಯಾ ನೋಡಿ ನಾರ್ಮಲ್ ಅಂತ ಬರೀತಾರೆ. ಕಣ್ಣಿನ ಕೇಸ್‌ನಲ್ಲಿ ನೋಡ್ಬೇಕಾದ ಜಾಗ ಬೇರೆ: ಶ್ವಾಸಕೋಶದ ಬೇರು, ಹೈಲಮ್ ಅಂತಾರೆ, ರಕ್ತನಾಳ ಮತ್ತು ಗಾಳಿಕೊಳವೆ ಒಳಗೆ ಹೋಗೋ ಬಾಗಿಲು. ಅಲ್ಲಿನ ಸ್ವಲ್ಪ ಊತ, ಗೊತ್ತಿದ್ದು ಹುಡುಕಿದ್ರೆ ಕಾಣುತ್ತೆ, ಇಲ್ಲಾಂದ್ರೆ ತಪ್ಪಿಹೋಗುತ್ತೆ.

ಆದ್ದರಿಂದ ಕಣ್ಣಿನ ಡಾಕ್ಟ್ರಿಗೆ ಕೈ ಮುಗಿದು ಒಂದೇ ಒಂದು ಸಾಲು ಜಾಸ್ತಿ ಬರೆಸ್ಕೊಳ್ಳಿ. ಯಾವ ಕಣ್ಣು, ಯಾವ ಥರದ ಯುವಿಯೈಟಿಸ್, ಟಿಬಿ ಅಥವಾ ಸಾರ್ಕಾಯ್ಡ್ ಅನುಮಾನ, ಹೈಲಮ್ ಮತ್ತು ಮೀಡಿಯಾಸ್ಟೈನಮ್‌ನ (ಎರಡು ಶ್ವಾಸಕೋಶದ ನಡುವಿನ ಜಾಗ) ಗಂಟು ನೋಡಿ ಅಂತ. ಅವರು ಅವಸರದಲ್ಲಿ ಬರೀದೇ ಇದ್ರೆ ಕಣ್ಣಿನ ಕೇಸ್ ಪೇಪರ್‌ನೇ ತಗೊಂಡು ಬನ್ನಿ, ನಮ್ಮಂಥೋರಿಗೆ ತೋರ್ಸಿ, ನಾವು ಒಳಗೆ ಮುಟ್ಟಿಸ್ತೀವಿ. ನಾನಂತೂ ಚೀಟಿ ಮೇಲೆ ಕಣ್ಣಾಸ್ಪತ್ರೆ ಹೆಸರು ಕಂಡ್ರೆ ಕೇಳೇ ಕೇಳ್ತೀನಿ. ಎಲ್ಲಾ ಕಡೆ ಕೇಳ್ತಾರೆ ಅಂತ ನಂಬ್ಕೊಂಡು ಹೋಗ್ಬೇಡಿ.

ಹಳೇ ಎಕ್ಸ್‌ರೇ ಇದ್ರೆ ಅದೂ ತನ್ನಿ. ಐದು ವರ್ಷದ ಹಿಂದೆ ಗಲ್ಫ್‌ಗೆ ಹೋಗೋಕೆ ಅಂತ ಮೆಡಿಕಲ್‌ಗೆ ತೆಗೆಸಿದ್ದು ಟ್ರಂಕ್ ತಳದಲ್ಲಿ ಇರುತ್ತೆ ನೋಡಿ, ಅದು ಈಗ ಚಿನ್ನ. ಆಗಲೂ ಅದೇ ಕಲೆ ಇತ್ತು ಅಂದ್ರೆ ಹಳೇ ಗಾಯ, ಇಲ್ಲ ಅಂದ್ರೆ ಹೊಸದು. ಇದನ್ನ ಬೇರೆ ಯಾವ ಮಷಿನ್ನೂ ಹೇಳಲ್ಲ.

ಹೆಜ್ಜೆ 4: ಮಷಿನ್ ಮುಂದೆ

ಇದು ನನ್ನ ಮನೆ, ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡ್ತೀನಿ.

ಎಕ್ಸ್‌ರೇಗೆ ಉಪವಾಸ ಬೇಡ. ಕತ್ತಿಂದ ಸೊಂಟದ ತನಕ ಲೋಹ ಇರ್ಬಾರ್ದು, ಚೈನ್, ತಾಯತ, ಜನಿವಾರಕ್ಕೆ ಕಟ್ಟಿದ ಬೀಗದ ಕೈ, ಸೇಫ್ಟಿ ಪಿನ್, ಬ್ರಾ ಹುಕ್ಕು. ಮಂಗಳಸೂತ್ರ ತೆಗೆಯೋಕೆ ಎಷ್ಟೋ ಅಕ್ಕಂದಿರು ಒಪ್ಪಲ್ಲ, ನನಗೆ ಅರ್ಥ ಆಗುತ್ತೆ. ಆದ್ರೆ ಆ ತಾಳಿ, ಕರಿಮಣಿ ಬಂದು ಕೂರೋದು ಸರಿಯಾಗಿ ನಾವು ನೋಡ್ಬೇಕಾದ ಜಾಗದ ಮೇಲೇ. ಕೈಯಲ್ಲಿ ಹಿಡ್ಕೊಂಡು ನಿಂತ್ರೂ ಸಾಕು, ಎದೆ ಮೇಲೆ ಬೇಡ. ಉದ್ದ ಜಡೆ ಇರೋರು ಮೇಲೆತ್ತಿ ಕಟ್ಕೊಳ್ಳಿ, ಭುಜದ ಮೇಲೆ ಬಿದ್ದ ದಪ್ಪ ಜಡೆ ಫಿಲ್ಮ್‌ನಲ್ಲಿ ಶ್ವಾಸಕೋಶದ ಮೇಲ್ಭಾಗದ ಕಲೆ ಥರ ಕಾಣುತ್ತೆ, ಟಿಬಿ ಕೂರೋ ಜಾಗವೂ ಅದೇ. ಜಡೆಗೆ ಟಿಬಿ ಅಂದ್ಬಿಟ್ಟು ಮತ್ತೆ ಕರೆಸಿ ತೆಗೆಸಿದ್ದು ಉಂಟು.

ಪಿಎ ಅಂದ್ರೆ ಬೆನ್ನ ಕಡೆಯಿಂದ ಕಿರಣ ಬರೋದು. ಎದೆ ಪ್ಲೇಟ್‌ಗೆ ಒತ್ತಿ ನಿಲ್ಬೇಕು, ಗದ್ದ ಮೇಲೆ, ಕೈ ಸೊಂಟಕ್ಕೆ ಇಟ್ಟು ಮೊಣಕೈ ಮುಂದಕ್ಕೆ, ಆಗ ಹೆಗಲ ಮೂಳೆ ಪಕ್ಕಕ್ಕೆ ಸರಿಯುತ್ತೆ. ಕಿರಣದ ಟ್ಯೂಬ್ ಆರಡಿ ದೂರದಲ್ಲಿ ಇರುತ್ತೆ. ಒಂಚೂರು ತಿರುಗಿ ನಿಂತ್ರೂ ಒಂದು ಕಡೆ ಹೈಲಮ್ ದೊಡ್ಡದಾಗಿ, ಇನ್ನೊಂದು ಕಡೆ ಸಣ್ಣದಾಗಿ ಕಾಣುತ್ತೆ. ಸಾರ್ಕಾಯ್ಡ್‌ನಲ್ಲಿ ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ ಊದೋದು, ಟಿಬಿಯಲ್ಲಿ ಹೆಚ್ಚಾಗಿ ಒಂದೇ ಕಡೆ, ಅಂದ್ಮೇಲೆ ನಿಂತಿದ್ದೇ ಸೊಟ್ಟ ಆದ್ರೆ ಏನು ಓದೋದು?

ಇದಕ್ಕಿಂತ ಮುಖ್ಯ ಉಸಿರು. ಪೂರ್ತಿ ಒಳಗೆ ಎಳ್ಕೊಂಡು ಹಿಡ್ಕೊಬೇಕು. ಅರ್ಧ ಉಸಿರಲ್ಲಿ ತೆಗೆದ ಫೋಟೋದಲ್ಲಿ ಶ್ವಾಸಕೋಶ ಮುದುಡಿ, ನಡುಭಾಗ ಅಗಲ ಆಗಿ, ಹೈಲಮ್ ತುಂಬ್ಕೊಂಡ ಹಾಗೆ ಕಾಣುತ್ತೆ, ಇಲ್ಲದ ಗಂಟು ಇದೆ ಅನ್ಸುತ್ತೆ. ಸರಿಯಾದ ಫೋಟೋದಲ್ಲಿ ಬೆನ್ನ ಕಡೆಯ ಪಕ್ಕೆಲುಬು ಒಂಬತ್ತು ಹತ್ತು ಎಣಿಸೋಕೆ ಸಿಗ್ಬೇಕು. ನಮ್ಮ ಜನ ಎಡವೋದು ಇಲ್ಲೇ, ಯಾಕಂದ್ರೆ ಒಳಗಿಂದ ಕೂಗೋನು ಮರಾಠಿಯಲ್ಲಿ ಕೂಗ್ತಾನೆ. ಮೂರು ಮಾತು ಬಾಯಿಪಾಠ ಮಾಡ್ಕೊಳ್ಳಿ. "ಮೋಠಾ ಶ್ವಾಸ್ ಘ್ಯಾ" ಅಂದ್ರೆ ಉಸಿರು ಜೋರಾಗಿ ಎಳ್ಕೊಳ್ಳಿ, "ಧರೂನ್ ಠೇವಾ" ಅಂದ್ರೆ ಹಿಡ್ಕೊಳ್ಳಿ, "ಸೋಡಾ" ಅಂದ್ರೆ ಬಿಡಿ, ಕುಡಿಯೋ ಸೋಡಾ ಅಲ್ಲ. ಹಿಂದಿಯಲ್ಲಿ ಸಾಂಸ್ ಲೋ, ರೋಕೋ, ಛೋಡೋ. ಹೊರಗೆ ಬೆಂಚಲ್ಲಿ ಕೂತಾಗ್ಲೇ ಎರಡು ಸಲ ಅಭ್ಯಾಸ ಮಾಡಿ.

ಗರ್ಭಿಣಿ ಆಗಿದ್ರೆ, ಆಗಿರಬಹುದು ಅನ್ನೋ ಅನುಮಾನ ಇದ್ರೂ, ಮೊದ್ಲೇ ಹೇಳಿ. ಇನ್ನು ಕಿರಣದ ಹೆದರಿಕೆ: ಒಂದು ಎದೆ ಎಕ್ಸ್‌ರೇ ಅಂದ್ರೆ ಸುಮಾರು 0.1 ಮಿಲಿಸೀವರ್ಟ್ (ಮೈಗೆ ಬೀಳೋ ಕಿರಣ ಅಳೆಯೋ ಲೆಕ್ಕ) ಅಥವಾ ಅದಕ್ಕಿಂತ ಕಮ್ಮಿ. ನಾವು ಸುಮ್ನೆ ಭೂಮಿ ಮೇಲೆ ಬದುಕಿರೋದಕ್ಕೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗಿದ್ರೂ ಬೀಳುತ್ತೆ. ಎಕ್ಸ್‌ರೇಗೆ ಹೆದರ್ಬೇಡಿ, ಎದೆ ಸಿಟಿಗೆ ಮಾತ್ರ ಲೆಕ್ಕ ಬೇರೆ, ಅದು ಸುಮಾರು 6-7 ಮಿಲಿಸೀವರ್ಟ್ ಆಗುತ್ತೆ, ಅದಕ್ಕೇ ಸುಮ್ಸುಮ್ನೆ ಮಾಡ್ಸೋದಲ್ಲ.

ಹೆಜ್ಜೆ 5: ರಿಪೋರ್ಟ್ ಓದೋದು, ಆದ್ರೆ ತೀರ್ಪು ಕೊಡೋದಲ್ಲ

ಕೆಲವು ಪದಗಳು ಪದೇ ಪದೇ ಬರ್ತವೆ.

ಬೈಲ್ಯಾಟರಲ್ ಹೈಲರ್ ಲಿಂಫಡಿನೋಪತಿ: ಎರಡೂ ಬೇರಲ್ಲಿ ಗಂಟು ಊದಿದೆ ಅಂತ. ಕಣ್ಣಲ್ಲಿ ಹೊಂದೋ ಲಕ್ಷಣ ಇದ್ದು ಇದೂ ಕಂಡ್ರೆ ಸಾರ್ಕಾಯ್ಡ್ ಅನುಮಾನ ಬಹಳ ಗಟ್ಟಿ ಆಗುತ್ತೆ. ಕಣ್ಣಿನ ಸಾರ್ಕಾಯ್ಡ್‌ಗೆ ಅಂತಾನೇ 2006ರಲ್ಲಿ ಟೋಕಿಯೋದಲ್ಲಿ ತಜ್ಞರು ಕೂತು ಮಾಡಿದ ಮಾನದಂಡ 2009ರಲ್ಲಿ ಪ್ರಕಟ ಆಯ್ತು, ಆಮೇಲೆ ತಿದ್ದಿದ್ದೂ ಉಂಟು. ಚೂರು ತೆಗೆದು ಸಾಬೀತಾದ್ರೆ ಖಚಿತ, ಚೂರು ತೆಗೀದೇ ಈ ಎರಡು ಕಡೆ ಗಂಟು ಕಂಡಿದ್ರೆ ಅದರ ಮುಂದಿನ ದರ್ಜೆ. ಒಂದು ಎಕ್ಸ್‌ರೇಗೆ ಅಷ್ಟು ತೂಕ ಕೊಟ್ಟಿದ್ದಾರೆ.

ಓಲ್ಡ್ ಕಾಕ್ಸ್: ಇದನ್ನ ಓದಿ ಗಾಬರಿಯಾಗಿ ಅಳೋರನ್ನ ನೋಡಿದೀನಿ, ಹಾಗೇ ಏನೋ ಅಡ್ಡಹೆಸರು ಅಂತ ಬಿಟ್ಟೋರನ್ನೂ. ಟಿಬಿ ಅಂತ ಬಾಯಿಬಿಟ್ಟು ಹೇಳೋಕೆ ಮುಜುಗರ ಅಂತ, 1882ರ ಮಾರ್ಚ್ 24ಕ್ಕೆ ಟಿಬಿ ರೋಗಾಣು ಸಿಕ್ತು ಅಂತ ಸಾರಿದ ರಾಬರ್ಟ್ ಕಾಕ್ ಹೆಸರು ಹಿಡ್ಕೊಂಡು ಡಾಕ್ಟ್ರುಗಳು ಆಡೋ ಗುಟ್ಟಿನ ಭಾಷೆ. ಓಲ್ಡ್ ಅಂದ್ರೆ ಎಂದೋ ಬಂದು ವಾಸಿಯಾದ ಗುರುತು, ಸುಣ್ಣಗಟ್ಟಿದ ಚುಕ್ಕೆ, ಮೇಲ್ಭಾಗದಲ್ಲಿ ಎಳೆ ಎಳೆ ಕಲೆ. ಈಗ ಟಿಬಿ ಇದೆ ಅಂತ ಅರ್ಥ ಅಲ್ಲ, ಆದ್ರೆ ಕಣ್ಣಿನ ಡಾಕ್ಟ್ರಿಗೆ ಇದು ಬೇಕಾದ ಸುದ್ದಿ. ಕ್ಯಾವಿಟಿ (ಶ್ವಾಸಕೋಶದಲ್ಲಿ ಪೊಳ್ಳು), ಕನ್ಸಾಲಿಡೇಷನ್ (ಗಟ್ಟಿಯಾದ ಭಾಗ), ಎಫ್ಯೂಷನ್ (ಸುತ್ತ ನೀರು) ಅಂತ ಇದ್ರೆ ಮಾತ್ರ ಕಾಯ್ಬೇಡಿ, ಅವತ್ತೇ ಎದೆ ಡಾಕ್ಟ್ರ ಹತ್ರ ಹೋಗಿ, ಮನೇಲಿ ಮಕ್ಕಳಿದ್ರೆ ಮಾಸ್ಕ್ ಹಾಕ್ಕೊಳ್ಳಿ.

ಬ್ರಾಂಕೊವ್ಯಾಸ್ಕ್ಯುಲರ್ ಮಾರ್ಕಿಂಗ್ಸ್ ಪ್ರಾಮಿನೆಂಟ್: ಗಾಳಿಕೊಳವೆ, ರಕ್ತನಾಳದ ಗೆರೆ ಎದ್ದು ಕಾಣ್ತಿವೆ ಅಂತ. ಈ ಸಾಲು ನಮ್ಮ ಊರ ಎಕ್ಸ್‌ರೇಗಳಲ್ಲಿ ಉಪ್ಪಿನಕಾಯಿ ಥರ, ಎಲ್ಲಾ ತಟ್ಟೆಯಲ್ಲೂ ಇರುತ್ತೆ. ಇದೊಂದೇ ಇದ್ರೆ ತಲೆ ಕೆಡಿಸ್ಕೊಳ್ಳೋದು ಬೇಡ. ಹೈಲಮ್ ಪ್ರಾಮಿನೆಂಟ್ ಅಂತಿದ್ರೆ ಬಿಡ್ಬೇಡಿ, ಗಂಟಾ ರಕ್ತನಾಳನಾ ಅಂತ ಕೇಳಿಸಿ.

ಹೆಜ್ಜೆ 6: ಎಕ್ಸ್‌ರೇ ನಾರ್ಮಲ್, ಹಾಗಾದ್ರೆ ಮುಗೀತಾ?

ಇಲ್ಲ, ಇಲ್ಲೇ ಜನ ಕೈಬಿಡೋದು. "ಫೋಟೋದಾಗ ಏನೂ ಇಲ್ಲ ಅಂದ್ರು" ಅಂತ ಖುಷಿಯಾಗಿ ಫೈಲ್ ಮಡಚಿಡ್ತಾರೆ. ಕಣ್ಣಿನ ಟಿಬಿ ಅಂತ ಔಷಧ ತಗೊಳ್ಳೋ ಬಹಳ ಜನರ ಎಕ್ಸ್‌ರೇ ಪೂರ್ತಿ ಸರಿಯಾಗೇ ಇರುತ್ತೆ. ಸಣ್ಣ ಗಂಟುಗಳು ಹೃದಯದ ಹಿಂದೆ, ಗಾಳಿಕೊಳವೆ ಕವಲೊಡೆಯೋ ಜಾಗದ ಕೆಳಗೆ ಅಡಗಿದ್ರೆ ಎಕ್ಸ್‌ರೇಗೆ ಕಾಣಲ್ಲ. ಕಣ್ಣಿನ ಲಕ್ಷಣ ಬಲವಾಗಿದ್ರೆ, ಅಥವಾ ರಕ್ತ ಪರೀಕ್ಷೆ ಆ ಕಡೆ ಬೆರಳು ತೋರಿಸಿದ್ರೆ ಡಾಕ್ಟ್ರು ಸಿಟಿ ಬರೀತಾರೆ.

ಬರೆದಾಗ ಯಾವ ಸಿಟಿ ಅಂತ ಕೇಳಿ. ಎಚ್‌ಆರ್‌ಸಿಟಿ ಅಂದ್ರೆ ಶ್ವಾಸಕೋಶದ ತೆಳು ತೆಳು ಹೋಳು, ಬಣ್ಣದ ಇಂಜೆಕ್ಷನ್ ಇಲ್ದೆ, ಸಾರ್ಕಾಯ್ಡ್‌ನ ಸಣ್ಣ ಸಣ್ಣ ಕಾಳು ಇದರಲ್ಲಿ ಚೆನ್ನಾಗಿ ಕಾಣ್ತವೆ. ಕಾಂಟ್ರಾಸ್ಟ್ ಸಿಟಿಯಲ್ಲಿ ಇಂಜೆಕ್ಷನ್ ಕೊಡ್ತಾರೆ, ಗಂಟು ರಕ್ತನಾಳದಿಂದ ಬೇರೆಯಾಗಿ ಕಾಣುತ್ತೆ, ಟಿಬಿ ಗಂಟು ಎಷ್ಟೋ ಸಲ ಅಂಚು ಬೆಳ್ಳಗೆ ನಡುವೆ ಕಪ್ಪು, ಒಳಗೆ ಕೊಳೆತಿರೋದ್ರಿಂದ. ಸಾರ್ಕಾಯ್ಡ್‌ನಲ್ಲಿ ಸಾಮಾನ್ಯವಾಗಿ ಒಂದೇ ಸಮ ಇರುತ್ತೆ. ಸೆಂಟರ್‌ನೋರು ಎಚ್‌ಆರ್‌ಸಿಟಿ ಸಸ್ತಾ ಇದೆ ಅದನ್ನೇ ಮಾಡ್ಸಿ ಅಂದ್ರೆ ಡಾಕ್ಟ್ರನ್ನ ಕೇಳದೇ ಒಪ್ಕೋಬೇಡಿ, ಆಮೇಲೆ ಎರಡೂ ಮಾಡ್ಸೋ ಖರ್ಚು ಬೀಳುತ್ತೆ. ಕಾಂಟ್ರಾಸ್ಟ್‌ಗೆ ಮುಂಚೆ ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟ್ ಬೇಕು, ಎಷ್ಟು ಗಂಟೆ ಹೊಟ್ಟೆ ಖಾಲಿ ಇಡ್ಬೇಕು ಅಂತ ಸೆಂಟರ್‌ನಲ್ಲೇ ಕೇಳಿ, ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ತಿದ್ರೆ ಹೇಳಿ, ಹಿಂದೆ ಯಾವ್ದಾದ್ರೂ ಇಂಜೆಕ್ಷನ್‌ಗೆ ಮೈ ದದ್ದು ಎದ್ದಿದ್ರೆ ಖಂಡಿತ ಹೇಳಿ.

ಹೆಜ್ಜೆ 7: ಜೊತೆಗಿನ ಪರೀಕ್ಷೆಗಳು

ಫೋಟೋ ಒಂಟಿಯಾಗಿ ನಿಲ್ಲಲ್ಲ, ಜೊತೆಗೆ ಇವೂ ಬರ್ತವೆ.

ಮಾಂಟೂ ಅಂದ್ರೆ ಟಿಬಿಗೆ ನೋಡೋಕೆ ಮುಂಗೈ ಚರ್ಮದಲ್ಲಿ ಚುಚ್ಚೋದು, 48ರಿಂದ 72 ಗಂಟೆ ಒಳಗೆ ಹೋಗಿ ತೋರಿಸ್ಲೇಬೇಕು, ಚುಚ್ಚಿಸ್ಕೊಳ್ಳೋ ಮುಂಚೆ ಮಧ್ಯೆ ರಜೆ ಬರುತ್ತಾ ಅಂತ ಬೆರಳೆಣಿಸಿ ನೋಡಿ. ಅಳೆಯೋದು ಕೆಂಪನ್ನಲ್ಲ, ಕೈಗೆ ಸಿಗೋ ಗಟ್ಟಿ ಉಬ್ಬನ್ನ. ಸಾಮಾನ್ಯವಾಗಿ 10 ಮಿಲಿಮೀಟರ್ ಅಥವಾ ಜಾಸ್ತಿ ಇದ್ರೆ ಪಾಸಿಟಿವ್ ಅಂತಾರೆ. ಇಗ್ರಾ ಅಂದ್ರೆ ಟಿಬಿಗೇ ರಕ್ತದಲ್ಲಿ ಮಾಡೋ ಪರೀಕ್ಷೆ, ಚಿಕ್ಕಂದಿನ ಬಿಸಿಜಿ ಲಸಿಕೆಯಿಂದ ಇದು ಗೊಂದಲ ಆಗಲ್ಲ. ಎರಡೂ ಬರೆದಿದ್ರೆ ರಕ್ತ ಮೊದ್ಲು ಕೊಟ್ಟು ಆಮೇಲೆ ಚುಚ್ಚಿಸ್ಕೊಳ್ಳಿ, ಚುಚ್ಚಿದ್ದರ ಪ್ರಭಾವ ರಕ್ತದ ಮೇಲೆ ಬೀಳಬಹುದು. ಇವೆರಡೂ ಟಿಬಿ ರೋಗಾಣು ಎಂದಾದ್ರೂ ಮೈಗೆ ಬಂದಿತ್ತಾ ಅಂತ ಮಾತ್ರ ಹೇಳೋದು, ಈಗ ಕಾಯಿಲೆ ಇದೆಯಾ ಅಂತ ಅಲ್ಲ. ಲೋಕಲ್ ಟ್ರೈನ್‌ನಲ್ಲಿ ದಿನಾ ನೇತಾಡೋ ಜನದಲ್ಲಿ ಪಾಸಿಟಿವ್ ಬರೋರು ಬೇಕಾದಷ್ಟು, ಎಲ್ಲರ ಕಣ್ಣು ಚೆನ್ನಾಗೇ ಇದೆ.

ಎಸಿಇ ಅನ್ನೋದು ಸಾರ್ಕಾಯ್ಡ್‌ಗೆ ನೋಡೋ ರಕ್ತ ಪರೀಕ್ಷೆ. ಬಿಪಿಗೆ ಎನಲಾಪ್ರಿಲ್, ರಾಮಿಪ್ರಿಲ್ ಥರದ್ದು ತಗೊಳ್ತಿದ್ರೆ, ಸ್ಟಿರಾಯ್ಡ್ ತಗೊಳ್ತಿದ್ರೆ ಇದು ಸುಳ್ಳೇ ಕಮ್ಮಿ ತೋರಿಸುತ್ತೆ. ಸಿಫಿಲಿಸ್, ಎಚ್‌ಐವಿ ಪರೀಕ್ಷೆ ಬರೆದ್ರೆ ಸಿಟ್ಟಾಗ್ಬೇಡಿ, ಡಾಕ್ಟ್ರು ನಿಮ್ಮ ನಡತೆ ಅಳೀತಾ ಇಲ್ಲ, ಸಿಫಿಲಿಸ್ ಕಣ್ಣಲ್ಲಿ ಯಾವ ವೇಷ ಬೇಕಾದ್ರೂ ಹಾಕುತ್ತೆ, ಔಷಧವೂ ಇದೆ, ಅದಕ್ಕೇ ಎಲ್ಲರಿಗೂ ನೋಡ್ತಾರೆ.

ಹೆಜ್ಜೆ 8: ಏನೋ ಸಿಕ್ಕಿದೆ ಅಂದಾಗ

ಕಣ್ಣಿನ ಡಾಕ್ಟ್ರು ಎದೆ ಡಾಕ್ಟ್ರ ಹತ್ರ ಕಳಿಸ್ತಾರೆ, ಎದೆ ಡಾಕ್ಟ್ರು ನಿಮಗೆ ಕೆಮ್ಮಿಲ್ಲ ಕಫ ಇಲ್ಲ ಅಂತ ವಾಪಸ್ ಕಳಿಸ್ತಾರೆ, ನಡುವೆ ನೀವು ಫುಟ್‌ಬಾಲ್. ಇದಕ್ಕೆ ಒಂದೇ ಉಪಾಯ, ಎರಡೂ ಕಡೆ ಬರೆಸ್ಕೊಳ್ಳಿ, ಬಾಯಿಮಾತು ಬೇಡ. ಪರೇಲ್‌ನ ಕೆಇಎಂ, ಸಯನ್, ಜೆಜೆ, ಪುಣೆಯ ಸಸೂನ್, ಗೋವಾದ ಬಾಂಬೋಳಿಯ ಮೆಡಿಕಲ್ ಕಾಲೇಜು ಇಂಥ ಕಡೆ ಕಣ್ಣು, ಎದೆ, ಎಕ್ಸ್‌ರೇ ಮೂರೂ ವಿಭಾಗ ಇರೋದ್ರಿಂದ ಅಲೆದಾಟ ಒಂದೇ ಆವರಣದಲ್ಲಿ ಮುಗಿಯುತ್ತೆ, ಕ್ಯೂ ಮಾತ್ರ ಬೆಳಗಿನ ಜಾವದ್ದು.

ಗಂಟು ದೊಡ್ಡದಿದ್ರೆ ಈಬಸ್ ಅಂತ ಮಾಡ್ತಾರೆ, ಬಾಯಿಂದ ಗಾಳಿಕೊಳವೆಗೆ ದುರ್ಬೀನು ಇಳಿಸಿ, ಅಲ್ಟ್ರಾಸೌಂಡ್‌ನಲ್ಲಿ ಗಂಟು ನೋಡ್ಕೊಂಡು ಸೂಜಿಯಿಂದ ಚೂರು ತೆಗೆಯೋದು. ಹೆಸರು ಕೇಳಿದ್ರೆ ಹೆದರಿಕೆ ಆಗುತ್ತೆ, ಎದೆ ಕೊಯ್ಯೋದೆಲ್ಲ ಏನಿಲ್ಲ. ಆ ಚೂರನ್ನ ಮೈಕ್ರೋಸ್ಕೋಪ್‌ಗೂ ಟಿಬಿಯ ಸಿಬಿನ್ಯಾಟ್‌ಗೂ (ರೋಗಾಣು ಹುಡುಕೋ ಮಷಿನ್ ಪರೀಕ್ಷೆ) ಕಲ್ಚರ್‌ಗೂ (ರೋಗಾಣು ಬೆಳೆಸಿ ನೋಡೋದು), ಮೂರಕ್ಕೂ ಕಳಿಸ್ತಿದ್ದಾರಾ ಅಂತ ಕೇಳಿ. ಪೂರ್ತಿ ಫಾರ್ಮಲಿನ್ (ಚೂರು ಕೊಳೆಯದ ಹಾಗೆ ಇಡೋ ದ್ರವ) ಡಬ್ಬಿಗೆ ಹಾಕ್ಬಿಟ್ರೆ ಕಲ್ಚರ್ ಮಾಡೋಕಾಗಲ್ಲ.

ಟಿಬಿ ಅಂತ ಔಷಧ ಶುರು ಮಾಡಿದ್ರೆ ಮೂರು ವಿಷಯ. ಅದರಲ್ಲಿ ಎಥಾಂಬ್ಯುಟಾಲ್ ಅನ್ನೋ ಮಾತ್ರೆ ಇರುತ್ತೆ, ಕೆಲವರಲ್ಲಿ ಅದು ಕಣ್ಣಿನ ನರಕ್ಕೇ ಪೆಟ್ಟು ಕೊಡುತ್ತೆ, ಮೊದ್ಲೇ ಕೆಟ್ಟ ಕಣ್ಣು ನಿಮ್ಮದು, ಆದ್ದರಿಂದ ಶುರುವಿಗೆ ಮುಂಚೆ ದೃಷ್ಟಿ ಮತ್ತು ಬಣ್ಣದ ಪರೀಕ್ಷೆ ಮಾಡ್ಸಿ, ಮಧ್ಯೆ ಕೆಂಪು ಹಸಿರು ಮಬ್ಬಾದ್ರೆ ಅವತ್ತೇ ಓಡಿ. ರಿಫಾಂಪಿಸಿನ್ ಇದ್ರೆ ಮೂತ್ರ, ಕಣ್ಣೀರು ಕಿತ್ತಳೆ ಬಣ್ಣ ಆಗುತ್ತೆ, ರಕ್ತ ಅಲ್ಲ, ಹೆದರ್ಬೇಡಿ, ಆದ್ರೆ ಅದು ಸ್ಟಿರಾಯ್ಡ್ ಮಾತ್ರೆಯ ಬಲ ಕಮ್ಮಿ ಮಾಡುತ್ತೆ, ಎರಡೂ ಬರೆಯೋ ಡಾಕ್ಟ್ರುಗಳಿಗೆ ಒಬ್ಬರದ್ದು ಇನ್ನೊಬ್ಬರಿಗೆ ತೋರ್ಸಿ. ಮೂರನೇದು ದುಡ್ಡು: ಟಿಬಿ ಔಷಧ ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ, ಪೂರ್ತಿ ದೇಶದಲ್ಲಿ ಒಂದೇ ನಿಕ್ಷಯ್ (ಸರ್ಕಾರದ ಟಿಬಿ ದಾಖಲೆ) ನೋಂದಣಿ, ಊರಿಗೆ ಹೋಗೋದಿದ್ರೆ ವರ್ಗ ಮಾಡ್ಸಿ ಹುಬ್ಬಳ್ಳಿಯಲ್ಲೋ ಬಾಗಲಕೋಟೆಯಲ್ಲೋ ಮುಂದುವರಿಸಬಹುದು. ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ 2018ರಿಂದ ಕೊಡ್ತಿದ್ರು, 2024ರ ನವೆಂಬರ್‌ನಿಂದ ಅದು 1000 ಆಗಿದೆ, ಬ್ಯಾಂಕ್ ಪಾಸ್‌ಬುಕ್ ತಗೊಂಡೇ ಹೋಗಿ.

ಎದೆಯಲ್ಲಿ ಏನೂ ಸಿಗ್ಲಿಲ್ಲ, ಆದ್ರೂ ಕಣ್ಣಿಗೆ ದೇಹದ ರಕ್ಷಣಾ ಶಕ್ತಿ ತಗ್ಗಿಸೋ ಅಡಾಲಿಮುಮಾಬ್ ಥರದ ದೊಡ್ಡ ಇಂಜೆಕ್ಷನ್ ಶುರು ಮಾಡ್ಬೇಕು ಅಂದಾಗ್ಲೂ ಎದೆ ಫೋಟೋ ಮತ್ತು ಟಿಬಿ ಪರೀಕ್ಷೆ ಕೇಳ್ತಾರೆ. ಆಗ ಕಾರಣ ಹುಡುಕೋದಕ್ಕಲ್ಲ, ಮಲಗಿರೋ ಟಿಬಿ ಎದ್ದೇಳ್ಬಾರ್ದು ಅಂತ.

ಕೊನೇದಾಗಿ ಫೈಲ್ ವಿಷಯ. ಫಿಲ್ಮ್‌ನ ಟ್ಯೂಬ್‌ಲೈಟ್‌ಗೆ ಹಿಡಿದು ಮೊಬೈಲ್‌ನಲ್ಲಿ ಫೋಟೋ ಹೊಡೆದು ವಾಟ್ಸಾಪ್‌ನಲ್ಲಿ ಕಳ್ಸೋದ್ರಿಂದ ಹೈಲಮ್ ಏನೂ ಗೊತ್ತಾಗಲ್ಲ, ಸಿಡಿ ಅಥವಾ ಲಿಂಕ್ ಕೇಳಿ ಪಡ್ಕೊಳ್ಳಿ. ಫಿಲ್ಮ್ ಮಡಚ್ಬೇಡಿ, ಮಳೆಗಾಲದಲ್ಲಿ ಒಂದರ ಮೇಲೊಂದು ಅಂಟ್ಕೊಳ್ಳುತ್ತೆ, ಮಧ್ಯೆ ಕಾಗದ ಇಡಿ. ಬಾದಾಮಿಯೋರು ಮೊನ್ನೆ ಸಿಟಿ ಸ್ಕ್ಯಾನ್‌ಗೆ ಬಂದಿದ್ರು, ಈ ಸಲ ಕೇಳೋ ಮುಂಚೆನೇ ಚೈನ್ ಬಿಚ್ಚಿ ಜೇಬಿಗೆ ಹಾಕ್ಕೊಂಡು, ಹಳೇ ಫಿಲ್ಮ್‌ನ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಕೊಂಡು, "ಧರೂನ್ ಠೇವಾ ಅಂದ್ರ ಉಸಿರು ಬಿಡಬಾರ್ದು, ಹೌದಲ್ರೀ?" ಅಂತ ಅವರೇ ಕೇಳಿದ್ರು.